ಗಂಡನ ಹೆಸರು ಬಾರದ ಕಥೆಗಾತಿ

ಬಿ.ಟಿ.ಎಂ. ಎರಡನೇ ಹಂತ, ಬೆಂಗಳೂರು
೯ ಆಗಸ್ಟ್ ೨೦೦೮, ಶನಿವಾರ

ನಮ್ಮ ಮನೆಯವರಿಗೆ, ಸಿಟ್ಟಿನಲ್ಲೇ ಆದರೂ ಪ್ರೀತಿಯ ನಮಸ್ಕಾರ.

ಮೊದಲು ಆರೋಗ್ಯ ವಿಚಾರಿಸಬೇಕು, ವಿಚಾರಿಸುತ್ತಿದ್ದೇನೆ. ಹೇಗಿದ್ದೀರಿ? ಗದಗದ ಗುಡ್ಡದ ಮೇಲೆ ಶ್ರಾವಣದ ಗಾಳಿ ಜೋರಾಗಿರಬೇಕು. ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೀರೋ ಇಲ್ಲವೋ? ಗಾಳಿಯಂತ್ರದ ಕಂಬ ಹತ್ತುವಾಗ ಸೊಂಟದ ಬೆಲ್ಟನ್ನು ಕೊಂಡಿಗೆ ಸಿಕ್ಕಿಸದೆ ಹತ್ತಿದೆ ಎಂದು ಹೋದ ತಿಂಗಳು ದೊಡ್ಡ ಶೂರರಂತೆ ಹೇಳಿದಿರಿ. ಇನ್ನೊಂದು ಸಲ ಹಾಗೆ ಮಾಡಿದ್ದು ಗೊತ್ತಾದರೆ ನಿಮ್ಮ ಸಾಹೇಬರಿಗೆ ನಾನೇ ಫೋನು ಮಾಡಿ ಹೇಳುತ್ತೇನೆ. ಪಂಚಮಿಗೆ ಒಬ್ಬಳೇ ಕೂತು ಉಂಡಿ ಕಟ್ಟಿದೆ. ಶೇಂಗಾದ್ದು, ಎಳ್ಳಿನದು, ನಿಮಗೆ ಇಷ್ಟವೆಂದು ಪುಟಾಣಿಯದೂ ಕಟ್ಟಿದೆ. ನಾಳೆ ರಾತ್ರಿಯ ಬಸ್ಸಿಗೆ ನಮ್ಮ ಸೋದರತ್ತೆಯ ಮಗ ಮೌನೇಶ ಗದಗಕ್ಕೆ ಹೊರಟಿದ್ದಾನೆ. ಅವನ ಕೈಯಲ್ಲಿ ಡಬ್ಬಿ ಕಳಿಸುತ್ತಿದ್ದೇನೆ, ಜೊತೆಗೆ ಈ ಕಾಗದವನ್ನೂ. ಈ ಮಾತುಗಳನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಒಂದು ಹೇಳಿದರೆ ನೀವು ನಡುವೆ ಬಾಯಿ ಹಾಕಿ ನಗುತ್ತೀರಿ, ನನಗೆ ಅಳು ಬರುತ್ತದೆ, ಅಲ್ಲಿಗೆ ಜಗಳ ಮುಗಿಯಿತು ಎಂದು ನೀವು ತಿಳಿದುಬಿಡುತ್ತೀರಿ. ಕಾಗದದಲ್ಲಿ ಹಾಗಾಗುವುದಿಲ್ಲ. ಉಂಡಿ ಆಮೇಲೆ ತಿನ್ನಿ, ಮೊದಲು ಇದನ್ನು ಪೂರ್ತಿ ಓದಿ.

ಇವತ್ತು ಸಂಜೆ ಜಯನಗರದ ಕ್ಲಿನಿಕ್ಕಿನಿಂದ ಬಂದು ಬಸ್ಸಿಳಿದು ನಡೆಯುತ್ತಿದ್ದೆ. ಪಿಳ್ಳಣ್ಣನವರ ಸೈಬರ್ ಸೆಂಟರಿನ ಮುಂದೆ, ಪಕ್ಕದ ಬೇಕರಿಗೆ ಚಹಾ ಕುಡಿಯಲು ಬಂದ ಹುಡುಗರು ಗಾಜಿಗೆ ಮೂಗು ಹಚ್ಚಿ ಏನೋ ಓದುತ್ತ ನಗುತ್ತಿದ್ದರು. ಒಬ್ಬ ನನ್ನನ್ನು ನೋಡಿ, ಮುಖದ ಮೇಲೆಯೇ, "ಗಂಡನ ಹೆಸರು ಬರದೇ ಇರೋ ಮೇಡಂ ನೀವೇನಾ?" ಎಂದು ಕೇಳಿದ. ನನಗೆ ಅರ್ಥವೇ ಆಗಲಿಲ್ಲ. ಹತ್ತಿರ ಹೋಗಿ ನೋಡಿದೆ. ನಮ್ಮ ಭಾನುವಾರದ ಆಟದ ಬಗ್ಗೆ ಆಟಗಾರರು ಇಂಟರ್‌ನೆಟ್ಟಿನಲ್ಲಿ ಬರೆದ ಅಭಿಪ್ರಾಯಗಳನ್ನು ಪಿಳ್ಳಣ್ಣನವರು ಪ್ರಿಂಟ್ ತೆಗೆಸಿ, ಬಣ್ಣದ ಕಾಗದದ ಅಂಚು ಕಟ್ಟಿ, ಗಾಜಿಗೆ ಅಂಟಿಸಿದ್ದರು. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಇದ್ದದ್ದು ನಿಮ್ಮದು. ನೀವು ಇಂಗ್ಲಿಷಿನಲ್ಲಿ ಬರೆದಿದ್ದೀರಿ. ನಾನು ಕನ್ನಡದಲ್ಲಿ ಬರೆಯುತ್ತೇನೆ, ಓದಿದಾಗ ನಿಮಗೆ ಸ್ವಲ್ಪವಾದರೂ ನಾಚಿಕೆಯಾಗಲಿ. "ಹೊಸಬರಿಗೆ ಹೇಳಿ ಮಾಡಿಸಿದ ಆಟ. ಎಷ್ಟು ಸುಲಭ ಎಂದರೆ ಏನೂ ತಿಳಿಯದ ನನ್ನ ಹೆಂಡತಿ ಕೂಡ ಕಥೆ ನಡೆಸುತ್ತಾಳೆ. ಒಂದೇ ತೊಂದರೆ, ಅವಳಿಗೆ ಗಂಡನ ಹೆಸರು ಬರುವುದಿಲ್ಲ. ಹೀಗಾಗಿ ನನ್ನ ವೀರ ನೀರಲ್ಲಿ ಮುಳುಗಿದ. ಆಟಕ್ಕೆ ನಾಲ್ಕು ನಕ್ಷತ್ರ, ಹೆಂಡತಿಗೆ ಒಂದು." ಕೆಳಗೆ ನಿಮ್ಮ ಪೂರ್ತಿ ಹೆಸರು, ಅಡ್ಡಹೆಸರಿನ ಸಮೇತ.

ಏನೂ ತಿಳಿಯದ ಹೆಂಡತಿ! ಈ ಆಟಕ್ಕೆ ನನ್ನನ್ನು ಎಳೆದವರು ಯಾರು? ನಿಮ್ಮನ್ನು ಗದಗಕ್ಕೆ ಹಾಕಿದಾಗ ನಾನು ಊಟ ಬಿಟ್ಟು ಕೂತಿದ್ದೆ. ಆಗ ನೀವೇ ಅಲ್ಲವೇ, "ಫೋನಿನ್ಯಾಗ ಎಷ್ಟಂತ ಮಾತಾಡೋದು, ಐತವಾರಕ್ಕೊಮ್ಮೆ ಆಟದಾಗ ಸಿಗೂಣು" ಎಂದು ಪಿಳ್ಳಣ್ಣನವರಲ್ಲಿಗೆ ಕರೆದುಕೊಂಡು ಹೋದದ್ದು? ಒಬ್ಬರು ಕಥೆ ನಡೆಸಬೇಕು, ಉಳಿದವರು ಕಥೆಯೊಳಗಿನ ವೀರರಾಗಿ ದಾಳ ಹಾಕಿ ಮುಂದೆ ಹೋಗಬೇಕು, ಮೇಜಿನ ಸುತ್ತ ಕೂತು ಆಡುವ ಆಟವನ್ನೇ ಕಂಪ್ಯೂಟರಿಗೆ ಇಳಿಸಿದ್ದಾರೆ, ಬೇರೆ ಊರಿನಲ್ಲಿದ್ದವರೂ ಬಂದು ಕೂಡಬಹುದು ಎಂದು ವಿವರಿಸಿದವರು ನೀವು. 'ಏಳು ಕಣಿವೆ' ಎಂಬ ಹೆಸರು ಕೇಳಿ ನನಗೆ ನಗು ಬಂದಿತ್ತು. ಹೊಸಬರಿಗೆ ಕಷ್ಟವಾಗಬಾರದೆಂದು ಅದರಲ್ಲಿ ಎಲ್ಲವನ್ನೂ ಅವರೇ ಮಾಡಿಟ್ಟಿದ್ದಾರೆ. ವೀರನಿಗೆ ಹೆಸರು ಹುಡುಕುವ ಕೆಲಸವೂ ಇಲ್ಲ, ಒಳಗೆ ಬರುವಾಗ ನೀವು ಕೊಟ್ಟ ಹೆಸರನ್ನೇ ಅವನಿಗೆ ಇಟ್ಟುಬಿಡುತ್ತದೆ. ಇದರಿಂದ ಮುಂದೆ ಏನಾದೀತು ಎಂದು ಆವತ್ತು ನನಗೂ ಹೊಳೆಯಲಿಲ್ಲ, ನಿಮಗೂ ಹೊಳೆಯಲಿಲ್ಲ.

ಮೊದಲು ಕಥೆ ನಡೆಸುತ್ತಿದ್ದದ್ದು ಸೀನು, ಜಯನಗರದ ಕೊರಿಯರ್ ಆಫೀಸಿನಲ್ಲಿ ಕೆಲಸ ಮಾಡುವವರು. ಅವರ ಕಥೆಯಲ್ಲಿ ಯಾವಾಗಲೂ ಒಂದು ಕೋಟೆ, ಕೋಟೆಯೊಳಗೆ ಒಂದು ಬೆಂಕಿ ಉಗುಳುವ ಪ್ರಾಣಿ, ಅಷ್ಟೇ. ಒಂದು ಭಾನುವಾರ ಅವರಿಗೆ ಗಂಟಲು ಕಟ್ಟಿತು, ಸುಮ್ಮನೆ ನನ್ನನ್ನು ಕೂಡಿಸಿದರು. ನನಗೆ ಕೋಟೆ ಗೊತ್ತಿಲ್ಲ. ನನಗೆ ಗೊತ್ತಿದ್ದದ್ದು ದೇವದುರ್ಗದ ಕಡೆಯ ಕೃಷ್ಣಾ ಹೊಳೆ, ಹರಗೋಲು, ಜೋಳದ ಹೊಲ, ಬಾವಿಯ ಕಟ್ಟೆಯ ಮೇಲೆ ಕೂತು ಬಂದವರ ಹತ್ತಿರ ಎಲೆ ಅಡಿಕೆ ಕೇಳುವ ದೆವ್ವ. ಅದನ್ನೇ ಹೇಳಿದೆ. ಆ ದೆವ್ವದ ಜೊತೆ ಯಾರೂ ಕಾದಾಡಲಿಲ್ಲ, ಅದಕ್ಕೆ ಸುಣ್ಣ ಹುಡುಕಿಕೊಡಲು ಎಲ್ಲರೂ ಸಂಜೆಯವರೆಗೆ ಹೊಲದಲ್ಲಿ ಓಡಾಡಿದರು. ಸತ್ಯಭಾಮಾ ಮೇಡಂ ಇದ್ದಾರಲ್ಲ, ಜಯನಗರದ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಹೊರಡುವಾಗ ನನ್ನ ಕೈ ಹಿಡಿದು, "ಮುಂದಿನ ವಾರಾನೂ ನೀವೇ ಹೇಳ್ಬೇಕು ಕಣಮ್ಮ, ಇಲ್ಲಾಂದ್ರೆ ನಾನು ಬರಲ್ಲ" ಎಂದರು. ಅಂದಿನಿಂದ ಆ ಕುರ್ಚಿ ನನ್ನದಾಯಿತು.

ನಿಮಗೆ ಅದು ಬರೀ ಕುರ್ಚಿ. ನನಗೆ ಏನೆಂದು ಎಂದಾದರೂ ಕೇಳಿದ್ದೀರಾ? ಈ ಊರಿಗೆ ಬಂದಾಗಿನಿಂದ ನಾನು ಬಾಯಿ ತೆರೆದರೆ ಜನ ನಗುತ್ತಾರೆ. ತರಕಾರಿ ಅಂಗಡಿಯಲ್ಲಿ "ಏನ್ರೀ ಇದು" ಎಂದರೆ "ಯಾವೂರಮ್ಮ ನಿಮ್ದು" ಎನ್ನುತ್ತಾರೆ. ಕ್ಲಿನಿಕ್ಕಿನಲ್ಲಿ ದಿನವೆಲ್ಲ ಟೋಕನ್ ನಂಬರಿನ ಜೊತೆ ರೋಗಿಗಳ ಹೆಸರು ಕೂಗುತ್ತೇನೆ, ಅದರಲ್ಲೂ ತಪ್ಪು ಹುಡುಕುತ್ತಾರೆ. ನಿಮ್ಮ ಹೆಸರಿನವರೇ ಒಬ್ಬರು ಹಲ್ಲುನೋವಿಗೆ ಬಂದಿದ್ದರು. ಅವರನ್ನು ಮಾತ್ರ "ಮುಂದಿನವರು ಬನ್ನಿ" ಎಂದು ಕರೆದೆ. ಡಾಕ್ಟರು ಗುರಾಯಿಸಿದರು. ಇಂಥ ಬಾಯನ್ನು ವಾರಕ್ಕೊಮ್ಮೆ ಐದಾರು ಜನ ಸುಮ್ಮನೆ ಕೂತು ಕೇಳುತ್ತಾರೆ, "ಆಮೇಲೆ?" ಎನ್ನುತ್ತಾರೆ. ನನ್ನ ಮಾತಿನ ಧಾಟಿಗೆ ನಗುವುದಿಲ್ಲ, ಅದು ಬೇಕೆಂದೇ ಬರುತ್ತಾರೆ. ಇಡೀ ಬೆಂಗಳೂರಿನಲ್ಲಿ ನಾನು ಯಾರೋ ಒಬ್ಬಳು ಎನ್ನಿಸಿಕೊಳ್ಳದ ಜಾಗ ಅದೊಂದೇ. ಅಲ್ಲಿಗೆ ಹೋಗಿ ನೀವು ಕಾಗದ ಅಂಟಿಸಿದಿರಿ. ಅಂಟಿಸಿದವರು ಪಿಳ್ಳಣ್ಣ ಎಂದು ಜಾರಿಕೊಳ್ಳಬೇಡಿ. ಬರೆದವರು ನೀವು.

ಹೋದ ಭಾನುವಾರದ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಒಟ್ಟಿಗೆ ದಾಳ ಹಾಕಿ ಗದ್ದಲವಾಗುತ್ತದೆ ಎಂದು ನಮ್ಮ ಮೇಜಿನಲ್ಲಿ ಒಂದು ನಿಯಮ ಮಾಡಿಕೊಂಡಿದ್ದೆವು. ಕಥೆ ನಡೆಸುವವರು ಹೆಸರು ಕರೆದ ಮೇಲೆಯೇ ಆ ವೀರ ದಾಳ ಹಾಕಬೇಕು. ಕರೆದು ದಾಳ ಬೀಳುವುದು ತಡವಾದರೆ ಕಂಪ್ಯೂಟರೇ ಸರದಿಯನ್ನು ಮುಂದಿನವರಿಗೆ ದಾಟಿಸುತ್ತದೆ. ಇಷ್ಟು ವಾರ ನಿಮ್ಮ ಸರದಿಗೆ ನಾನು "ಹ್ಞೂಂ, ನೀವು" ಎನ್ನುತ್ತಿದ್ದೆ. ನಿಮಗೆ ತಿಳಿಯುತ್ತಿತ್ತು, ಹಾಕುತ್ತಿದ್ದಿರಿ, ಯಾರಿಗೂ ಏನೂ ತೊಂದರೆ ಇರಲಿಲ್ಲ. ಆವತ್ತು ನೀವು ಕೂತು ಆಡುವ ಗದಗದ ಆ ಸೈಬರಿಗೆ ಕ್ಯಾಂಪಿನ ಗೆಳೆಯರನ್ನು ಯಾಕೆ ಕರೆದುಕೊಂಡು ಬಂದಿರಿ? ಅವರ ಮುಂದೆ ಹೆಂಡತಿಯನ್ನು ಕುಣಿಸಬೇಕಾಗಿತ್ತೇ? ಹರಗೋಲು ಹೊಳೆಯ ನಡುವೆ ತಿರುಗಲು ಹತ್ತಿತ್ತು. ನಿಮ್ಮ ಸರದಿ. ನಾನು "ಹ್ಞೂಂ, ನೀವು" ಎಂದೆ. ಸ್ಪೀಕರಿನಲ್ಲಿ ನಿಮ್ಮ ದನಿ ಎಲ್ಲರಿಗೂ ಕೇಳುವಂತೆ ಬಂತು: "ನೀವು ಅಂದ್ರ ಯಾರು? ಹೆಸರು ಹೇಳ್ರಿ ಬಾಯಾರ. ಹೆಸರು ಹೇಳಿದ್ರ ದಾಳ ಹಾಕ್ತೀನಿ." ಹಿಂದೆ ನಿಮ್ಮ ಗೆಳೆಯರು ಕಿಸಿಕಿಸಿ ನಗುತ್ತಿದ್ದರು. ನಾನು ಕೈಮುಗಿದು ಬೇಡ ಎಂದೆ. ನಿಮಗೆ ಕಾಣಲಿಲ್ಲ, ಆದರೆ ದನಿಯಲ್ಲಿ ಗೊತ್ತಾಗಿರಬೇಕು. ಕೊನೆಗೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇರುವ ಒಂದೇ ದಾರಿ ಹಿಡಿದೆ. ಒಡಪು ಕಟ್ಟಿ ಹೇಳಲು ಶುರು ಮಾಡಿದೆ. ಒಡಪಿನ ಕೊನೆಗೆ ಗಂಡನ ಹೆಸರು ಸೇರಿಸಿ ಹೇಳಿದರೆ ದೋಷವಿಲ್ಲ, ಮದುವೆಯಲ್ಲಿ ಹೊಸ್ತಿಲಲ್ಲಿ ನಿಲ್ಲಿಸಿ ನಿಮ್ಮ ಅಕ್ಕಂದಿರು ಹೇಳಿಸಿಯೇ ಒಳಗೆ ಬಿಟ್ಟಿದ್ದರಲ್ಲ. "ಹೊಳಿ ದಂಡಿ ಮ್ಯಾಲ ಹೂವಿನ ಗಿಡ, ಗಿಡದ ನೆಳ್ಳಾಗ ಬೆಳ್ಳಿ ತಂಬಿಗಿ" ಎನ್ನುವಷ್ಟರಲ್ಲಿ ನೀವು, "ಏ, ಹಾಡು ಬ್ಯಾಡ, ಸೀದಾ ಹೇಳು" ಎಂದು ಕೂಗಿದಿರಿ. ಅಷ್ಟು ಹೊತ್ತಿಗೆ ಸಮಯ ಮುಗಿದು ಸರದಿ ದಾಟಿಹೋಯಿತು. ಹರಗೋಲು ಮಗುಚಿತು. ನಿಮ್ಮ ವೀರ ಮುಳುಗಿದ. ಅಲ್ಲಿ ನೀವು ಗೆಳೆಯರ ಜೊತೆ ಚಪ್ಪಾಳೆ ಹೊಡೆಯುತ್ತಿದ್ದಿರಿ. ಹೇಳಿ, ನಿಮ್ಮನ್ನು ಮುಳುಗಿಸಿದವಳು ನಾನೋ, ನೀವೋ?

ನನಗೆ ಹೆಸರು ಬರುವುದಿಲ್ಲವಂತೆ. ಬಾಯಿಗೆ ಬೀಗ ಹಾಕಿದವರು ಯಾರು ಎಂಬುದನ್ನೂ ಬರೆಯಬೇಕಿತ್ತು. ಮದುವೆಯಾದ ಮೊದಲ ತಿಂಗಳು ಓಟರ್ ಗುರುತಿನ ಚೀಟಿಯವರು ಬಾಗಿಲಿಗೆ ಬಂದು ಯಜಮಾನರ ಹೆಸರು ಕೇಳಿದರು. ಸರಕಾರಿ ಕೆಲಸವಲ್ಲವೇ ಎಂದು ಹೇಳಿಬಿಟ್ಟೆ. ನಿಮ್ಮ ಅವ್ವ, ತಂಗೆವ್ವತ್ತೆ, ಒಳಗಿನಿಂದ ಓಡಿ ಬಂದು ನನ್ನ ಬಾಯಿಯ ಮೇಲೆ ಕೈ ಇಟ್ಟರು. ಅವರ ಕೈ ಗಡಗಡ ನಡುಗುತ್ತಿತ್ತು. ಬೈಯಲಿಲ್ಲ. ಬಾಯಿ ಮುಕ್ಕಳಿಸಲು ನೀರು ಕೊಟ್ಟು, ಹಣಮಪ್ಪನ ಗುಡಿಗೆ ಎಣ್ಣೆ ಬತ್ತಿ ತೆಗೆದುಕೊಂಡು ಹೋಗಲು ಹೇಳಿದರು. ನೀವು ಪಡಸಾಲೆಯಲ್ಲಿ ರೊಟ್ಟಿ ತಿನ್ನುತ್ತಿದ್ದಿರಿ. ತಲೆ ಎತ್ತಲಿಲ್ಲ. "ಅವ್ವಾ, ಅದೆಲ್ಲಾ ಏನಿಲ್ಲ ಬಿಡು" ಎಂಬ ಒಂದು ಮಾತು ನಿಮ್ಮ ಬಾಯಿಂದ ಬಂದಿದ್ದರೆ ಅಂದೇ ಎಲ್ಲ ಮುಗಿದುಹೋಗುತ್ತಿತ್ತು. ಆಗ ಸುಮ್ಮನಿದ್ದವರು ಈಗ ಇಂಟರ್‌ನೆಟ್ಟಿನಲ್ಲಿ ದೊಡ್ಡ ಸುಧಾರಕರಾಗಿದ್ದೀರಿ.

ಅತ್ತೆಯವರ ಕೈ ಯಾಕೆ ನಡುಗಿತು ಎಂದು ನೀವು ನನಗೆ ಇವತ್ತಿನವರೆಗೆ ಹೇಳಿಲ್ಲ. ಅವರೇ ಹೇಳಿದರು, ನಮ್ಮ ಊರಿನಿಂದ ಹೊರಡುವ ಹಿಂದಿನ ದಿನ, ನನ್ನ ತಲೆ ಬಾಚುತ್ತ. ಮಾವನವರು ದೇವದುರ್ಗದ ಬಸ್ ನಿಲ್ದಾಣದಲ್ಲಿ ನೀರು ಕುಡಿಯಲು ಇಳಿದಿದ್ದರಂತೆ. ಬಸ್ಸು ಹೊರಟುಬಿಟ್ಟಿತಂತೆ. ಕಿಟಕಿಯಿಂದ ಅತ್ತೆ ಎಲ್ಲರ ಮುಂದೆ ಅವರ ಹೆಸರು ಹಿಡಿದು ಕೂಗಿದರಂತೆ. ಅವರು ಓಡಿ ಬಂದು ಹತ್ತಿದರು, ಹತ್ತಿದ ಮೇಲೆ ಇಬ್ಬರೂ ನಕ್ಕರು. ಆ ಮಳೆಗಾಲದಲ್ಲೇ ಮಾವನವರು ಜ್ವರ ಬಂದು ಹೋದರು. "ನಾನ ಕೂಗಿ ಕಳಕೊಂಡೆ ತಂಗಿ. ನೀ ಕೂಗಬ್ಯಾಡ. ಆಯುಷ್ಯ ಕಡಿಮಿ ಆಗ್ತದ" ಎಂದರು. ನಾನು ಓದಿದವಳು. ಜ್ವರಕ್ಕೂ ಹೆಸರಿಗೂ ಸಂಬಂಧವಿಲ್ಲ ಎಂದು ಗೊತ್ತು. ಆದರೆ ಆ ಹೆಂಗಸಿನ ಕೈ ನನ್ನ ತಲೆಯ ಮೇಲಿತ್ತು. ಅವರಿಗೆ ಮಾತು ಕೊಟ್ಟೆ. ನಿಮಗೆ ಇದೆಲ್ಲ ನನಗಿಂತ ಮೊದಲೇ ಗೊತ್ತು. ಗೊತ್ತಿದ್ದೂ ನಾಲ್ಕು ಜನ ನಗಲೆಂದು ಅದನ್ನು ಎತ್ತಿ ಆಡಿದಿರಲ್ಲ, ಹೇಗೆ ಮನಸ್ಸು ಬಂತು? ಅದೂ ದಿನಬೆಳಗಾದರೆ ಆಕಾಶದೆತ್ತರದ ಕಂಬ ಹತ್ತುವವರು ನೀವು. ನೀವೇನಾದರೂ ಅಂಗಡಿಯಲ್ಲಿ ಕೂತು ಬಟ್ಟೆ ಅಳೆಯುತ್ತಿದ್ದರೆ ನಾನು ಇಷ್ಟು ಹೆದರುತ್ತಿದ್ದೆನೋ ಇಲ್ಲವೋ.

ಉಳಿದವರ ಅಭಿಪ್ರಾಯಗಳನ್ನೂ ಓದಿದೆ, ಬಿಡಲಿಲ್ಲ. ಬೇಕರಿಯ ಹುಡುಗರು ನೋಡುತ್ತಿದ್ದರೂ ನಿಂತು ಓದಿದೆ. ಸೀನು "ಸಖತ್ ಆಟ, ಆದರೆ ನಕ್ಷೆ ಆಗಾಗ ಹ್ಯಾಂಗ್ ಆಗುತ್ತದೆ" ಎಂದು ಬರೆದಿದ್ದಾರೆ. ಅವರಿಗೆ ನಕ್ಷೆ ಬಿಟ್ಟು ಬೇರೆ ಚಿಂತೆಯಿಲ್ಲ. ಯಾವ ಊರಿನವನೋ ಗೊತ್ತಿಲ್ಲ, ಒಂದೇ ಸಲ ಬಂದು ಆಡಿ ಹೋದವನು, "ಕೋಟೆ ಇರಬೇಕಾದ ಕಡೆ ಈ ಹೆಂಗಸು ಜೋಳ ಬೆಳೆದಿದ್ದಾಳೆ, ಇದು ಮಕ್ಕಳಾಟ" ಎಂದು ಬರೆದಿದ್ದಾನೆ. ಅದನ್ನು ಓದಿ ನನಗೆ ಬೇಜಾರಾಗಲಿಲ್ಲ. ಜೋಳ ಬೆಳೆದದ್ದು ನಿಜ. ಅವನಿಗೆ ಸೇರಲಿಲ್ಲ, ಹೇಳಿದ, ಆಟದ ಬಗ್ಗೆ ಅಭಿಪ್ರಾಯ ಎಂದರೆ ಅದು. ಸತ್ಯಭಾಮಾ ಮೇಡಂ ಉದ್ದಕ್ಕೆ ಬರೆದಿದ್ದಾರೆ. ಎರಡು ಕಣ್ಣಿಗೂ ಪೊರೆಯ ಆಪರೇಷನ್ ಆದ ಮೇಲೆ ಪುಸ್ತಕ ಓದಲು ಆಗದೆ ಬೇಸರವಾಗಿತ್ತೆಂದೂ, ಈ ಆಟದಲ್ಲಿ ಪರದೆ ನೋಡದೆ ಕಣ್ಣುಮುಚ್ಚಿ ಕೂತರೂ ಹೊಳೆಯ ಸದ್ದು ಕೇಳಿಸುತ್ತದೆಂದೂ, ಅದು ಆಟ ಮಾಡಿದವರ ಜಾಣತನವಲ್ಲ, ಕಥೆ ಹೇಳುವ ಹುಡುಗಿಯದು ಎಂದೂ ಬರೆದಿದ್ದಾರೆ. ಹೊರಗಿನವರು ಇಷ್ಟು ಬರೆದರು. ಮನೆಯವರು ಒಂದು ನಕ್ಷತ್ರ ಕೊಟ್ಟಿರಿ.

ಒಳಗೆ ಹೋಗಿ ಪಿಳ್ಳಣ್ಣನವರನ್ನು ಕೇಳಿದೆ. ಅವರು ಪಾಪ, ಅರೆಕೆರೆಯ ಕಡೆ ಹೊಲ ಇದ್ದವರು, ಇಂಗ್ಲಿಷು ಅಷ್ಟಕ್ಕಷ್ಟೆ, ಯಾರೋ ಓದಿ ಹೇಳಿದ್ದನ್ನು ಕೇಳಿ ಮೆಚ್ಚಿಕೊಂಡಿದ್ದಾರೆ. "ಒಳ್ಳೇದೇ ಬರ್ದವ್ರಲ್ಲಮ್ಮ ನಿಮ್ ಯಜಮಾನ್ರು. ಹೆಂಡ್ತಿಗೇ ಬರ್ತದೆ ಅಂದ್ರೆ ಯಾರ್ಗಾದ್ರೂ ಬರ್ತದೆ ಅಂತ ಹೊಸಬ್ರು ಬರ್ತಾರೆ. ಆಗ್ಲೇ ನಾಕೈದ್ ಜನ ನಾಳೆಗೆ ಹೆಸ್ರು ಕೊಟ್ಟವ್ರೆ" ಎಂದರು. ಆಮೇಲೆ ಕತ್ತು ಕೆರೆದುಕೊಳ್ಳುತ್ತ ಇನ್ನೊಂದು ಮಾತು ಹೇಳಿದರು. ಅದಕ್ಕೇ ಈ ಕಾಗದ. ಹೊಸಬರಿಗೆಂದು ಮಾಡಿದ ಆಟವಾದ್ದರಿಂದ ಅದರಲ್ಲಿ ಯಾರೂ ಒಂದೇ ಏಟಿಗೆ ಸಾಯುವುದಿಲ್ಲವಲ್ಲ. ಮುಳುಗಿದವನು ದಂಡೆಯ ಮೇಲೆ ಬಿದ್ದಿರುತ್ತಾನೆ. ಮುಂದಿನ ಆಟದಲ್ಲಿ ಕಥೆ ನಡೆಸುವವರು ಅವನ ಹೆಸರನ್ನು ಮೂರು ಸಲ ಕರೆದು ಗುಂಡಿ ಒತ್ತಿದರೆ ಏಳುತ್ತಾನೆ. ಕರೆಯದಿದ್ದರೆ ಅಳಿಸಿಹೋಗುತ್ತಾನೆ. "ಬಿದ್ದೋರ್ನ ಎಬ್ಸೋಕೆ ಬರ್ದೇ ಇರೋರ್ನ ಆ ಚೇರಲ್ಲಿ ಕೂರ್ಸಿದ್ರೆ ಹೊಸಬ್ರು ಏನಂತಾರಮ್ಮ? ನಾಳೆ ನೀವು ಹೆಸ್ರು ಕರೆದು ಎಬ್ಸಿ, ಚೇರು ನಿಮ್ದೇ. ಆಗಲ್ಲ ಅಂದ್ರೆ ಸೀನು ನಡೆಸ್ಲಿ, ನೀವು ಸುಮ್ನೆ ಆಡಿ" ಎಂದರು. ಬೇರೆಯವರಾಗಿದ್ದರೆ ಕರೆಯದೆಯೇ ಗುಂಡಿ ಒತ್ತಿ ತಪ್ಪಿಸಿಕೊಳ್ಳುತ್ತಿದ್ದರು. ಕಥೆ ನಡೆಸುವವಳೇ ಮೋಸ ಮಾಡಿದರೆ ಆಡುವವರು ಯಾರನ್ನು ನಂಬಬೇಕು? ನನಗೆ ಅದು ಸೇರುವುದಿಲ್ಲ.

ನೋಡಿ, ನನ್ನನ್ನು ಎಂಥ ಜಾಗಕ್ಕೆ ತಂದು ನಿಲ್ಲಿಸಿದ್ದೀರಿ. ಕರೆದರೆ ಅತ್ತೆಗೆ ಕೊಟ್ಟ ಮಾತು ಹೋಗುತ್ತದೆ. ಒಡಪಿನಲ್ಲಿ ಸೇರಿಸಿ ಹೇಳೋಣವೆಂದರೆ, ನೀವು ನಗೆಗೀಡು ಮಾಡಿದ ಮೇಲೆ ಆ ಹೊಸಬರ ಮುಂದೆ ಒಡಪು ನನ್ನ ಬಾಯಿಗೆ ಬರುವುದಿಲ್ಲ. ಕರೆಯದಿದ್ದರೆ ಕುರ್ಚಿ ಹೋಗುತ್ತದೆ. ಎರಡರಲ್ಲೂ ನಿಮ್ಮದೇನೂ ಹೋಗುವುದಿಲ್ಲ, ಕೂತು ನಗುವುದು ಮಾತ್ರ. ಯೋಚನೆ ಮಾಡಿಯೇ ಬರೆಯುತ್ತಿದ್ದೇನೆ. ನಾನು ಕರೆಯುವುದಿಲ್ಲ. ನಾಳೆ ಹೋಗುತ್ತೇನೆ, ಆ ಕಾಗದವನ್ನು ಗಾಜಿನಿಂದ ಕಿತ್ತು ಚೂರು ಮಾಡುತ್ತೇನೆ, ಪಿಳ್ಳಣ್ಣನವರು ಏನಾದರೂ ಅಂದುಕೊಳ್ಳಲಿ. ಕುರ್ಚಿಯನ್ನು ಸೀನುಗೆ ಬಿಟ್ಟುಕೊಟ್ಟು ಮೂಲೆಯಲ್ಲಿ ಕೂಡುತ್ತೇನೆ. ನಿಮ್ಮ ವೀರ ದಂಡೆಯ ಮೇಲೆ ಬಿದ್ದಿರಲಿ, ಅಳಿಸಿಹೋಗಲಿ, ನನಗೇನು. ನಿಮ್ಮ ಆಯುಷ್ಯ ಗಟ್ಟಿಯಾಗಿರಲಿ ಎಂದು ನನ್ನ ಕೈಯಲ್ಲಿದ್ದ ಒಂದೇ ಒಂದು ಸುಖವನ್ನು ಬಿಡುತ್ತಿದ್ದೇನೆ. ಅದನ್ನು ತಿಳಿದುಕೊಳ್ಳದೆಯೇ ನೀವು ಉಂಡಿ ತಿನ್ನುತ್ತೀರಿ ಎಂಬುದೇ ನನ್ನ ಹೊಟ್ಟೆ ಉರಿಸುತ್ತಿದೆ.

ಮುಂದಿನ ಭಾನುವಾರದೊಳಗೆ ನೀವು ಬರೆದದ್ದನ್ನು ನೀವೇ ತೆಗೆಯಬೇಕು. ತೆಗೆದು, ಆ ಜಾಗದಲ್ಲಿ ನಿಜವಾಗಿ ನಡೆದದ್ದನ್ನು ಬರೆಯಬೇಕು. ಗೆಳೆಯರ ಮುಂದೆ ದೊಡ್ಡಸ್ತಿಕೆ ಮಾಡಲು ಹೋಗಿ ನಾನೇ ಮುಳುಗಿದೆ ಎಂದು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕೋ ಗೊತ್ತಾಗದಿದ್ದರೆ ಸತ್ಯಭಾಮಾ ಮೇಡಂ ಹೇಳಿಕೊಡುತ್ತಾರೆ. ಎರಡನೆಯದು, ಊರಿಗೆ ಹೋದಾಗ ಅವ್ವನ ಹತ್ತಿರ ಕೂತು ಮಾತಾಡಬೇಕು. ಅವರು ಇಷ್ಟು ವರ್ಷ ಒಬ್ಬರೇ ಹೊತ್ತುಕೊಂಡಿರುವ ಆ ಪಾಪವನ್ನು ಸೊಸೆಯಲ್ಲ, ಮಗ ಇಳಿಸಬೇಕು. ಅಲ್ಲಿಯವರೆಗೆ ಭಾನುವಾರ ನನ್ನನ್ನು ಆಟಕ್ಕೆ ಕರೆಯಬೇಡಿ.

ಬಾಡಿಗೆ ಮನೆಯ ನಲ್ಲಿ ಮತ್ತೆ ಸೋರುತ್ತಿದೆ, ನಾನೇ ಸರಿ ಮಾಡಿಸುತ್ತೇನೆ, ಅದಕ್ಕೆಂದು ಬರಬೇಡಿ. ಗೆಳೆಯರಿಗೆ ಉಂಡಿ ಕೊಡುವುದಾದರೆ ಅಂದು ಚಪ್ಪಾಳೆ ಹೊಡೆಯದವರಿಗೆ ಮಾತ್ರ ಕೊಡಿ. ಊಟ ಬಿಡಬೇಡಿ. ಹಣಮಪ್ಪ ನಿಮ್ಮನ್ನು ಚೆನ್ನಾಗಿಟ್ಟಿರಲಿ, ಬುದ್ಧಿಯನ್ನೂ ಕೊಡಲಿ.

ಇಂತಿ ನಿಮ್ಮ,
ಒಂದು ನಕ್ಷತ್ರದ
ರಾಜಶ್ರೀ

ಮರೆತ ಮಾತು: ಭಾನುವಾರ ಸಂಜೆ. ಮೌನೇಶ ಬಾಗಿಲಲ್ಲಿ ನಿಂತು ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದಾನೆ, ಅಕ್ಷರ ಸೊಟ್ಟಗಾದರೆ ಓದಿಕೊಳ್ಳಿ. ಮೇಲೆ ಬರೆದದ್ದೆಲ್ಲ ನಿನ್ನೆಯದು. ಇವತ್ತು ಹೋಗಿದ್ದೆ. ಕಾಗದ ಕಿತ್ತೆ. ಕುರ್ಚಿಯನ್ನೂ ಬಿಟ್ಟುಕೊಟ್ಟೆ, ಸೀನು ಕೂತರು. ಹೊಸಬರು ಸುತ್ತ ಕೂತಿದ್ದರು. ನೀವು ಇವತ್ತು ಆಟಕ್ಕೆ ಬರಲಿಲ್ಲ, ನಿಮ್ಮ ಜಾಗ ಖಾಲಿಯಿತ್ತು. ಪರದೆಯ ಮೇಲೆ ಹೊಳೆಯ ದಂಡೆ, ದಂಡೆಯ ಮೇಲೆ ನಿಮ್ಮ ವೀರ ಮಗ್ಗುಲಾಗಿ ಬಿದ್ದಿದ್ದ, ನೀವು ಮಲಗುವ ಹಾಗೆಯೇ. ತಲೆಯ ಮೇಲೆ ನಿಮ್ಮ ಹೆಸರು. ಸೀನು ಮೌಸ್ ಹಿಡಿದು, "ಇವ್ರು ಸುಮ್ನೆ ಜಾಗ ತಿಂತಿದಾರೆ ಮೇಡಂ, ತೆಗೆದ್ಬಿಡ್ಲಾ?" ಎಂದರು. ಬಾಣದ ಗುರುತು ನಿಮ್ಮ ಹೆಸರಿನ ಮೇಲೆ ಹೋಗಿ ನಿಂತಿತು. ಆಮೇಲೆ ಏನಾಯಿತೋ ನನಗೇ ಗೊತ್ತಿಲ್ಲ. ಒಡಪು ನೆನಪಾಗಲಿಲ್ಲ, ಅತ್ತೆಯವರೂ ನೆನಪಾಗಲಿಲ್ಲ. ಎದ್ದು ನಿಂತು ಕೂಗಿಬಿಟ್ಟೆ. ಭೀಮರಾಯ. ಭೀಮರಾಯ. ಭೀಮರಾಯ. ಬೇಕರಿಯ ಹುಡುಗರು ಗಾಜಿನಾಚೆ ತಿರುಗಿ ನೋಡುವಷ್ಟು ಜೋರಾಗಿ ಕೂಗಿದೆನಂತೆ. ಗುಂಡಿ ಒತ್ತಿದ್ದ ನೆನಪಿಲ್ಲ. ನಿಮ್ಮ ವೀರ ಎದ್ದು ಕೂತ. ಎಲ್ಲರೂ ಚಪ್ಪಾಳೆ ಹೊಡೆದರು, ಸೀನು ತಾವೇ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಕೂತು ಕಥೆ ನಡೆಸಿದೆ, ಚೆನ್ನಾಗಿಯೇ ನಡೆಸಿದೆ. ಮನೆಗೆ ಬಂದ ಮೇಲೆ ಕೈ ನಡುಗಲು ಶುರುವಾಯಿತು. ಆಗಿನಿಂದ ನಿಮ್ಮ ಫೋನಿಗೆ ಹಚ್ಚುತ್ತಿದ್ದೇನೆ, ಸಂಪರ್ಕ ಸಿಗುತ್ತಿಲ್ಲ ಎನ್ನುತ್ತದೆ. ಗುಡ್ಡದ ಮೇಲೆ ಯಾವಾಗಲೂ ಹೀಗೆ ಎಂದು ಗೊತ್ತು. ಹೆಸರು ಕರೆದರೆ ಏನೂ ಆಗುವುದಿಲ್ಲ ಎಂದೂ ಗೊತ್ತು. ಮೌನೇಶ ಬೆಳಿಗ್ಗೆಯೇ ಕ್ಯಾಂಪಿಗೆ ಬಂದು ಇದನ್ನು ನಿಮ್ಮ ಕೈಯಲ್ಲೇ ಕೊಡುತ್ತಾನೆ. ಕಂಬಕ್ಕೆ ಕಾಲಿಡುವ ಮುಂಚೆ, ಸಿಗ್ನಲ್ ಇರುವ ಕಡೆ ನಡೆದು ಬಂದು ಒಂದು ಮಿಸ್ಡ್ ಕಾಲ್ ಕೊಡಿ. ಮಾತಾಡಬೇಡಿ, ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಬರೀ ರಿಂಗ್ ಆದರೆ ಸಾಕು.